ಒಂದು ಲಕ್ಷದ ಹೊಲಿಗೆ ಯಂತ್ರ

ದೆಹಲಿಯ ಆರ್.ಕೆ.ಪುರಂ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮ ಮೇಲಿನ ಮನೆಯ ಸೆಕ್ಷನ್ ಆಫೀಸರು ನಿವೃತ್ತರಾಗಿ ಮನೆ ಖಾಲಿ ಮಾಡಬೇಕಾಯಿತು. ನೋಯ್ಡಾದ ಮಗಳ ಫ್ಲ್ಯಾಟಿನಲ್ಲಿ ಜಾಗವಿಲ್ಲವೆಂದು ಸಾಮಾನನ್ನೆಲ್ಲ ಆನ್‌ಲೈನ್ ಹರಾಜಿಗಿಟ್ಟರು. ಪ್ರತಿಯೊಂದನ್ನೂ ಹೆಗಲ ಟವೆಲಿನಿಂದ ಒರೆಸಿದ ಮೇಲೇ ಫೋಟೊ. ಫೋಟೊ ನಾನು ಹಾಕುತ್ತಿದ್ದೆ, ಬೆಲೆ ಅವರೇ ಒತ್ತುತ್ತಿದ್ದರು. ಕೂಲರಿರಲಿ, ಬೀರುವಿರಲಿ, ಆರಂಭದ ಬೆಲೆ ಒಂದೇ ರೂಪಾಯಿ.

“ಬೇಕಾದವರು ಬಂದೇ ಬರ್ತಾರೆ ಕಣಮ್ಮಾ,” ಎನ್ನುತ್ತಿದ್ದರು.

ತೀರಿಹೋದ ಹೆಂಡತಿಯ ಹೊಲಿಗೆ ಯಂತ್ರಕ್ಕೆ ಮಾತ್ರ ಒಂದು ಲಕ್ಷ ಎಂದಿತ್ತು. ಕೈತಪ್ಪಿ ಸೊನ್ನೆಗಳನ್ನು ಒತ್ತಿದ್ದಾರೆಂದುಕೊಂಡು, ಅವರನ್ನು ಕೇಳದೆಯೇ ಒಂದು ರೂಪಾಯಿಗೆ ಇಳಿಸಿಬಿಟ್ಟೆ.

ಹರಾಜಿನ ಕೊನೆಯ ದಿನ ಅವರು ಮೆಟ್ಟಿಲಿಳಿದು ಬಂದರು. “ಯಂತ್ರಕ್ಕೆ ಒಂದು ರೂಪಾಯಿ ಅಂತ ಬಂದಿದೆಯಲ್ಲಮ್ಮಾ, ಅದರ ಹರಾಜು ಈಗಲೇ ನಿಲ್ಲಿಸಿಬಿಡಕ್ಕಾಗುತ್ತಾ?”

“ಕೊನೇ ದಿನ ನಿಲ್ಲಿಸೋಕೆ ಬಿಡಲ್ಲ ಅಂಕಲ್. ಹನ್ನೊಂದು ಜನ ಕೂಗಿದಾರೆ. ಬೇಕಾದವರು ಬಂದೇ ಬಂದ್ರಲ್ಲ!” ಎಂದೆ, ಹೆಮ್ಮೆಯಿಂದ.

“ಅಚ್ಛಾ,” ಎಂದರು. ಮೆಟ್ಟಿಲ ಕಡೆ ತಿರುಗಿ, “ಲಕ್ಷ ಅಂದ್ರೆ ಯಾರೂ ಬರಲ್ಲ, ಮಾರಾಟವಾಗಲಿಲ್ಲ ಅಂತ ಮಗಳಿಗೆ ಹೇಳಿ ಜೊತೇಲೇ ತಗೊಂಡು ಹೋಗೋಣ ಅಂತಿದ್ದೆ,” ಎಂದರು.

ಮರುದಿನ ಯಂತ್ರ ಒಯ್ಯಲು ಆಟೋ ಬಂತು. ಅವರು ಟವೆಲು ತೆಗೆದು ಅದನ್ನು ಒರೆಸತೊಡಗಿದರು. “ಅಂಕಲ್‌ಜೀ, ಚಲೇಂ?” ಎಂದು ಆಟೋದವನು ಹೊರಡುವ ಅವಸರದಲ್ಲಿ ಎರಡು ಸಲ ಕೇಳಿದ. ಅವರು ಒರೆಸುತ್ತಲೇ ಇದ್ದರು.