ಸುಡದ ಕೈಗೆ ಕಟ್ಟಿದ ಪಟ್ಟಿ

ಬ್ಯಾಡಗಿ ನಿಲ್ದಾಣದಲ್ಲಿ ರೈಲಿಳಿದು ನಾನು ಮಾಡಿದ ಮೊದಲ ಕೆಲಸ ಸೀನಿದ್ದು. ಒಂದಲ್ಲ, ಏಳು ಸೀನು. ಹೆಂಡತಿ ಚೆನ್ನಾಜಮ್ಮ ಟ್ರಂಕಿನ ಮೇಲೆ ಕುಳಿತು, ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದೇನು, ಊರ್ಗೆಲ್ಲ ಒಂದೇ ಸಲ ಒಗ್ಗರಣೆ ಹಾಕವ್ರಾ?" ಎಂದಳು. ಜನವರಿ ತಿಂಗಳು, ಮೆಣಸಿನಕಾಯಿ ಸುಗ್ಗಿ. ಗಾಳಿಯೇ ಘಾಟು. ನಮ್ಮನ್ನು ಕರೆದೊಯ್ಯಲು ಬಂದಿದ್ದ ಬೀಗಿತಿ ನೀಲವ್ವ, ಅಂದರೆ ನನ್ನ ಮಗಳು ಮಂಗಳಳ ಅತ್ತೆ, ನಕ್ಕುಬಿಟ್ಟರು.

"ಎಂಟ ದಿನಾ ಸೀನ್ರಿ ಬೀಗರ. ಒಂಬತ್ತನೇ ದಿನಾ ಈ ಊರವ್ರಾಗ್ತೀರಿ."

ಅವರು ಹೇಳಿದಂತೆ ಸೀನು ಎಂಟು ದಿನಕ್ಕೆ ನಿಂತಿತು. ಇನ್ನೊಂದು ಸಂಗತಿಗೆ ಮಾತ್ರ ನಾಲ್ಕು ವರ್ಷ ಹಿಡಿಯಿತು. ಅದನ್ನು ಹೇಳಲೆಂದೇ ಕೊಳ್ಳೇಗಾಲದ ಕಡೆಯ ನನ್ನವರಿಗೆ ಇದನ್ನು ಬರೆಯುತ್ತಿದ್ದೇನೆ. ನನ್ನ ಮಗಳ ಮದುವೆಯಲ್ಲಿ ಉಂಡವರು ಅಲ್ಲಿ ಎಷ್ಟೋ ಜನ ಇದ್ದೀರಿ. ಅಂದು ನಿಮಗೂ ನಾನು ಸುಳ್ಳು ಹೇಳಿದ್ದೆ.

ನಾವು ಇಲ್ಲಿಗೆ ಬಂದದ್ದು ಎರಡು ಸಾವಿರದ ಇಸವಿ ದಾಟಿ ಎರಡು ವರ್ಷಕ್ಕೆ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ತೂಕ ಬರೆದು ನಿವೃತ್ತನಾಗಿದ್ದೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. "ಇಲ್ಲಿ ಮೆಣಸಿನಕಾಯಿ ಅಂಗಡಿಯವರಿಗೆ ತೂಕ ಬರೆಯುವವರು ಬೇಕಂತೆ, ಬನ್ನಿ" ಎಂದು ಅಳಿಯ ಫೋನು ಮಾಡಿದ. ಮಗಳ ಮನೆಯಿಂದ ಎರಡು ಮನೆ ಆಚೆ, ಮಾಳಿಗೆಯಿರುವ ಬಾಡಿಗೆ ಮನೆ ಸಿಕ್ಕಿತು. ಕೊಳ್ಳೇಗಾಲದಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಬಿಳಿ ಗೂಡು. ಇಲ್ಲಿ ಕೆಂಪು, ಬರೀ ಕೆಂಪು. ಅಲ್ಲಿ ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದೆವು. ಇಲ್ಲಿ ಕಾಯಿಯನ್ನು ಮುರಿದು ಮೂಸುತ್ತಾರೆ. ಖಾರ ಹೆಚ್ಚಿದ್ದರೆ ಬೆಲೆ ಹೆಚ್ಚು ಎಂದುಕೊಂಡಿದ್ದೆ. ಅಲ್ಲ, ಇಲ್ಲಿ ಬೆಲೆ ಬಣ್ಣಕ್ಕೆ. ಸುಕ್ಕುಸುಕ್ಕಾದ ಕಾಯಿಗೇ ಮರ್ಯಾದೆ. ಮುದುಕನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ?

ಮಾತಿನದು ಬೇರೆಯೇ ಕಥೆ. ಈರುಳ್ಳಿಗೆ ಉಳ್ಳಾಗಡ್ಡಿ, ಬೇಗ ಅನ್ನಲು ಲಗೂ, ನಿಜಕ್ಕೆ ಖರೇ. ಮೊದಲ ವಾರ ಹಮಾಲರು, ಅಂದರೆ ಚೀಲ ಹೊರುವವರು, "ಲಗೂ ಬರೀರಿ ಅಜ್ಜಾರ" ಎಂದಾಗ ಬೈದರೇನೋ ಎಂದು ಮುಖ ಊದಿಸಿಕೊಂಡಿದ್ದೆ. ರಾಗಿಹಿಟ್ಟಿಗಾಗಿ ರಾಣೆಬೆನ್ನೂರಿನ ಅಂಗಡಿಗಳನ್ನು ಸುತ್ತಿದೆ. ಚೆನ್ನಾಜಮ್ಮ ಮುದ್ದೆ ಕಟ್ಟಿ ತಟ್ಟೆಗಿಟ್ಟರೆ ನೀಲವ್ವ ಅದನ್ನು ಎಲ್ಲ ಕಡೆಯಿಂದ ನೋಡಿ, "ಇದನ್ನ ಉಣ್ಣಬೇಕೋ, ಆಡಬೇಕೋ?" ಎಂದು ಕೇಳಿದರು. ಆರು ತಿಂಗಳಲ್ಲಿ ಇವಳು ಜೋಳದ ರೊಟ್ಟಿ ಬಡಿಯುವುದನ್ನು ಕಲಿತಳು. ಮೊದಲ ಬಾರಿ ದುಂಡಗೆ ಬಂದ ರೊಟ್ಟಿಯನ್ನು ತಿನ್ನಲು ಬಿಡದೆ ಓಣಿಗೆಲ್ಲ ತೋರಿಸಿಕೊಂಡು ಬಂದಳು.

ಎಲ್ಲದಕ್ಕೂ ಒಗ್ಗಿಕೊಂಡವಳು ಒಂದಕ್ಕೆ ಮಾತ್ರ ಒಗ್ಗಲಿಲ್ಲ. ಈ ಊರಿನ ಬಿಸಿಲಲ್ಲೂ ಮಣಿಕಟ್ಟಿನವರೆಗೆ ತೋಳಿರುವ ರವಿಕೆಯನ್ನೇ ತೊಡುತ್ತಿದ್ದಳು. ರವಿಕೆಗೆ ಇಲ್ಲಿ ಕುಬುಸ ಎನ್ನುತ್ತಾರೆ. ಅಳತೆ ಕೊಡಲು ಹೋದಾಗ ದರ್ಜಿ, "ಅಜ್ಜಿ, ಇಷ್ಟುದ್ದ ತೋಳು ಸಾಲಿ ಮಾಸ್ತರ ಅಂಗಿಗೆ ಇರ್ತಾವ್ರಿ" ಎಂದು ನಗಾಡಿದ. ಅವಳೂ ನಕ್ಕಳು. ನನಗೆ ನಗು ಬರಲಿಲ್ಲ. ಆ ತೋಳು ಉದ್ದವಾದದ್ದು ನನ್ನಿಂದ.

ಚೆನ್ನಾಜಮ್ಮನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು ಹಚ್ಚೆ ಇದೆ. ಒಂದು ತೊಟ್ಟಿಲು, ಒಂದು ಚೇಳು, ಸುತ್ತ ಜಡೆ ಹೆಣೆದಂಥ ಸಾಲು. ಮದುವೆಗೆ ಮುಂಚೆ ಅವಳ ತಾಯಿ ಹೊಯ್ಯಿಸಿದ್ದು. ಗಂಡನ ಮನೆಗೆ ಹೋಗುವ ಹೆಣ್ಣಿನ ಕೈ ಬರಿದಾಗಿರಬಾರದು ಎಂಬುದು ಅವರ ನಂಬಿಕೆ. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಹಚ್ಚೆಯೆಂದರೆ ಹಳ್ಳಿಗಾಡಿನ ಗುರುತು ಎಂದು ಬಗೆದಿದ್ದೆ. ಮಗಳಿಗೆ ಒಂದು ಚುಕ್ಕೆಯನ್ನೂ ಇಡಿಸಲು ಬಿಡಲಿಲ್ಲ.

ರೇಷ್ಮೆ ಇಲಾಖೆಯ ಕೆಲಸಕ್ಕೆ ನಮ್ಮೂರಿಗೆ ಬಂದಿದ್ದ ಬ್ಯಾಡಗಿಯ ಹುಡುಗ ಮಗಳನ್ನು ಮೆಚ್ಚಿದ. ತಂದೆಗೆ ಪೇಟೆಯಲ್ಲಿ ಅಂಗಡಿ. ಮಾತುಕತೆಗೆ ಗಂಡಸರಷ್ಟೇ ಬಂದಿದ್ದರು, ಆ ಮನೆಯ ಹೆಂಗಸರನ್ನು ನಾನು ಕಂಡಿರಲಿಲ್ಲ. ತುಂಬ ನಾಜೂಕಿನ ಜನ ಇರಬೇಕು, ನಮ್ಮನ್ನು ನೋಡಿ ನಕ್ಕಾರು ಎಂದು ನನಗೆ ಅಳುಕು. ಮದುವೆಯ ಬೆಳಿಗ್ಗೆ ಹಳೆಯ ಪಂಚೆ ಹರಿದು ಚೆನ್ನಾಜಮ್ಮನ ಕೈಗೆ ಪಟ್ಟಿ ಕಟ್ಟಿದೆ. ನಂಬಿಕೆ ಬರಲೆಂದು ಅಂಚಿಗೆ ಅರಿಸಿನ ಸವರಿದೆ. ಕೇಳಿದವರಿಗೆ ಗೂಡು ಬೇಯಿಸುವ ಬಿಸಿನೀರು ಬಿತ್ತು ಎಂದು ಹೇಳಬೇಕು. ಅವಳು ಒಂದೇ ಮಾತು ಕೇಳಿದಳು: "ಮಗಳ ಮದ್ವೆ ದಿನ ಕೈ ಸುಟ್ಕತು ಅನ್ನೋದು ಸುಭವಾ?"

ನಾನು ಪಟ್ಟಿಯ ಗಂಟು ಬಿಗಿದೆ. ಅಷ್ಟರಲ್ಲಿ ದಿಬ್ಬಣದ ಬಸ್ಸು ಬಂತು. ಮೊದಲು ಇಳಿದವರು ನೀಲವ್ವ. ಇಳಿಯಲೆಂದು ಕಂಬಿ ಹಿಡಿದ ಕೈ ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರೋ ಹಸಿರು! ಗದ್ದದ ಮೇಲೂ ಒಂದು ಚುಕ್ಕೆ. ನನ್ನ ಹೆಂಡತಿಯ ಹಚ್ಚೆಯ ಎರಡರಷ್ಟಿತ್ತು. ಆಗಲೇ ಒಳಗೆ ಓಡಿ ಪಟ್ಟಿ ಬಿಚ್ಚಿಬಿಡಬಹುದಿತ್ತು. ಆದರೆ ಬೆಳಿಗ್ಗೆಯಿಂದ ಇಪ್ಪತ್ತು ಜನಕ್ಕೆ ಸುಳ್ಳು ಹೇಳಿ ಆಗಿತ್ತು. ಬ್ಯಾಡಗಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, "ಎಮ್ಮಿ ತುಪ್ಪಾ ಹಚ್ಚರಿ", "ಗಾಳಿಗೆ ಬಿಡ್ರಿ" ಎಂದು ಮದ್ದು ಹೇಳಿದರು. ಚೆನ್ನಾಜಮ್ಮ ಎಲ್ಲರಿಗೂ ತಲೆಯಾಡಿಸಿದಳು.

ಸುಳ್ಳಿಗೆ ಸುಳ್ಳೇ ಕಾವಲು. ಬೀಗರ ಮುಂದೆ ಅವಳಿಗೆ ಉದ್ದ ತೋಳಿನ ರವಿಕೆ ಕಾಯಂ ಆಯಿತು. ಸುಟ್ಟ ಕಲೆ ಎಂಬ ನೆಪ. ಮೊಮ್ಮಗಳು ರೂಪಾ ಆರು ವರ್ಷದವಳಿದ್ದಾಗ ಕೊಳ್ಳೇಗಾಲಕ್ಕೆ ಬಂದು, ಅಜ್ಜಿಯ ಕೈಯ ತೊಟ್ಟಿಲ ಮೇಲೆ ಬೆರಳಾಡಿಸುತ್ತ ನಿದ್ದೆ ಹೋಗುತ್ತಿದ್ದಳು. ಅವಳಿಂದಲೂ ನನ್ನ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡೆ: ಬ್ಯಾಡಗಿಯಲ್ಲಿ ಹೇಳಕೂಡದು. ಮಗುವಿಗೆ ಸುಳ್ಳು ಕಲಿಸಿದೆ. ಮಾಡಿದ್ದರಲ್ಲಿ ಇದು ದೊಡ್ಡ ತಪ್ಪು.

ನಾವು ಇಲ್ಲಿಗೆ ಬಂದು ನಾಲ್ಕು ವರ್ಷಕ್ಕೆ ಆ ರೂಪಾಳ ಮದುವೆ. ಮದುವೆಗೆ ಎರಡು ದಿನ ಮುಂಚೆ ಮೆಹಂದಿ. ನಮ್ಮ ಕಾಲದಲ್ಲಿ ಅರಿಸಿನ ಮಾತ್ರ ಇತ್ತು, ಇದು ಹೊಸದು. ರಾಣೆಬೆನ್ನೂರಿನಿಂದ ಪರ್ವೀನ್ ಎಂಬ ಹುಡುಗಿ ಕೋನುಗಳನ್ನೂ ಚಿತ್ರದ ಪುಸ್ತಕವನ್ನೂ ತಂದಿದ್ದಳು. ಚಪ್ಪರದ ನೆರಳಲ್ಲಿ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ನಾನು ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದೆ. ರೂಪಾ ಪುಸ್ತಕವನ್ನು ಎರಡು ಸಲ ತಿರುವಿ ಮುಚ್ಚಿಟ್ಟಳು.

"ಎಲ್ಲಾರ ಕೈಯಾಗೂ ಇದ ನವಿಲು. ನನಗ ಬ್ಯಾಡ. ಎಡಗೈಗೆ ನಮ್ಮ ಆಯಿ ಕೈಯಾಗಿನ ಹಚ್ಚಿ ತೆಗಿ."

ಇಲ್ಲಿ ಆಯಿ ಅಂದರೆ ಅಜ್ಜಿ, ತೆಗೆಯುವುದು ಅಂದರೆ ಚಿತ್ರ ಬಿಡಿಸುವುದು. ನೀಲವ್ವ ಹಿಗ್ಗಿ ಕೈ ಚಾಚಿದರು. "ತೆಗಿಯವ್ವಾ. ಬಂಗಾರಾದ್ರ ಸತ್ತ ಮ್ಯಾಲ ಬಿಚ್ಚಿಕೋತಾರ. ಹಚ್ಚಿ ಯಾರ ಬಿಚ್ಚಿಕೋತಾರ?"

"ಬಲಗೈಗ್ರೀ?" ಎಂದು ಪರ್ವೀನ್ ಕೇಳಿದಳು.

ರೂಪಾ ತಿರುಗಿ ನನ್ನನ್ನೇ ನೋಡಿದಳು. "ಅಜ್ಜಾ, ನನ್ನ ಆಣಿ ಬಿಡಸು."

ಕೈಯಲ್ಲಿದ್ದ ಅಡಕತ್ತರಿ ಹಾಗೇ ನಿಂತಿತು. ಚೆನ್ನಾಜಮ್ಮ ತಲೆ ತಗ್ಗಿಸಿ ತೋಳಿನ ಗುಂಡಿಯನ್ನು ತಿರುವುತ್ತಿದ್ದಳು. ನಾನು ಸುಮ್ಮನಿದ್ದರೆ ಮೊಮ್ಮಗಳ ಬಲಗೈಗೆ ಪುಸ್ತಕದ ನವಿಲು ಬರುತ್ತಿತ್ತು, ಅಷ್ಟೆ. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ನನ್ನ ಹೆಂಡತಿ ಸಾಯುವವರೆಗೂ ಸುಟ್ಟ ಕೈಯವಳಾಗಿ ಉಳಿಯುತ್ತಿದ್ದಳು.

ಎದ್ದು ನಿಂತೆ. ಅಷ್ಟು ಹೆಂಗಸರ ನಡುವೆ ಹೇಳಿದೆ: "ಬೀಗಿತಮ್ಮೋರೆ, ಇವಳ ಕೈ ಯಾವತ್ತೂ ಸುಟ್ಟಿರ್ಲಿಲ್ಲ. ಹಚ್ಚೆ ಕಾಣಬಾರ್ದು ಅಂತ ನಾನೇ ಪಟ್ಟಿ ಕಟ್ಟಿದ್ದೆ. ತಪ್ಪಾಯ್ತು." ಹೆಂಡತಿಯ ಕಡೆ ತಿರುಗಿ, "ಗುಂಡಿ ಬಿಚ್ಚು" ಎಂದೆ.

ಅವಳು ಕೈ ಮುಂದೆ ಚಾಚಿದಳು. "ಕಟ್ಟಿದೋರು ನೀವು. ನೀವೇ ಬಿಚ್ಚಿ."

ಗುಂಡಿ ಸಣ್ಣದು, ಎರಡು ಸಲ ಬೆರಳಿಂದ ಜಾರಿತು. ಯಾರೋ, "ಲಗೂ ಬಿಚ್ಚರಿ ಅಜ್ಜಾರ, ಮೆಹಂದಿ ಒಣಗತೈತಿ" ಎಂದರು. ನಗು ಎದ್ದಿತು. ತೋಳನ್ನು ಮೊಣಕೈವರೆಗೆ ಮಡಚಿದೆ. ತೊಟ್ಟಿಲು, ಚೇಳು, ಜಡೆಯ ಸಾಲು, ಒಂದೂ ಮಾಸಿರಲಿಲ್ಲ.

ನೀಲವ್ವ ಆ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. "ನನಗ ಅವತ್ತ ಗೊತ್ತಾಗಿತ್ರಿ ಬೀಗರ. ಧಾರಿ ಎರೆಯೋವಾಗ ಪಟ್ಟಿ ತೊಯ್ದ ಮೈಗೆ ಅಂಟಿತ್ತು. ಬಿಳೀ ಅರಿವಿ ಒಳಗಿಂದ ಈ ಚೇಳು ನನ್ನ ನೋಡಾಕತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೆಂಗ ಹೇಳ್ಲಿ? ಹೆಂಡ್ತಿ ಹಚ್ಚಿನ ಮುಚ್ಚಿದಾಂವ ನನ್ನ ಕೈ ನೋಡಿ ಏನ ಅಂದ್ಕೊಂಡಿರಬೇಕು ಅಂತ ನಾಚಿಕಿ ಆತು. ಅವತ್ತಿಂದ ನಿಮ್ಮ ತಾಟಿಗೆ ನೀಡೋವಾಗ ಸೆರಗ ಎಳಕೊಂಡ ನೀಡೇನಿ. ನೋಡಿಲ್ಲೇನು?"

ನೋಡಿದ್ದೆ. ಇಪ್ಪತ್ತಮೂರು ವರ್ಷ ನೋಡಿದ್ದೆ. ಬೀಗರೆಂಬ ಮರ್ಯಾದೆ ಎಂದುಕೊಂಡಿದ್ದೆ. ನಾನು ಕಟ್ಟಿದ ಪಟ್ಟಿ ಒಂದೇ ಕೈಗಲ್ಲ, ಎರಡು ಕೈಗೆ ಸುತ್ತಿಕೊಂಡಿತ್ತು. ಕಣ್ಣು ತುಂಬಿ ಬಂತು. ನೀಲವ್ವ ಬಿಡಲಿಲ್ಲ.

"ಅಳಬ್ಯಾಡ್ರಿ. ಶಿಕ್ಷಾ ಐತಿ. ಏ ಪರ್ವೀನ್, ಬೀಗರ ಕೈ ಮ್ಯಾಲ ಒಂದ ಚೇಳ ತೆಗಿ. ದೊಡ್ಡದು! ಮದಿವ್ಯಾಗ ಇದೇನ್ರಿ ಅಂತ ಕೇಳಿದವ್ರಿಗೆಲ್ಲ ಖರೇ ಹೇಳಬೇಕು. ಒಬ್ಬರನ್ನೂ ಬಿಡಂಗಿಲ್ಲ."

ಹಾಗೆಯೇ ಆಯಿತು. ಬಲಗೈಯಲ್ಲಿ ಕೊಳ್ಳೇಗಾಲ, ಎಡಗೈಯಲ್ಲಿ ಬ್ಯಾಡಗಿ ಹೊತ್ತು ಮೊಮ್ಮಗಳು ಹಸೆಗೆ ಬಂದಳು. ಹಾವೇರಿಯಿಂದ ಬಂದ ಗಂಡಿನ ಕಡೆಯವರು ನನ್ನ ಕೈಯ ಕೆಂಪು ಚೇಳು ನೋಡಿ, "ಇದೇನ್ರಿ ಯಜಮಾನ್ರ?" ಎಂದರು. ಹೇಳಿದೆ. ಊಟದ ಪಂಕ್ತಿಯಲ್ಲಿ ಹೇಳಿದೆ, ಎಲೆ ಅಡಿಕೆ ಕೊಡುತ್ತ ಹೇಳಿದೆ. ಮೊದಲ ಹತ್ತು ಜನಕ್ಕೆ ನೆಲ ನೋಡುತ್ತ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ನಾನೇ ಕೈ ಮುಂದೆ ಮಾಡಿ, "ಕೇಳ್ರಿ, ಕೇಳ್ರಿ" ಎನ್ನುತ್ತಿದ್ದೆ. ಚೆನ್ನಾಜಮ್ಮ ಮೊಣಕೈ ಮೇಲಕ್ಕೇ ತೋಳು ನಿಲ್ಲುವ ರವಿಕೆ ತೊಟ್ಟು ಅತ್ತಿಂದಿತ್ತ ಓಡಾಡುತ್ತಿದ್ದಳು. ಅವತ್ತು ಅವಳು ಎತ್ತಿದಷ್ಟು ಸಲ ಆ ಕೈಯನ್ನು ಎಂದೂ ಎತ್ತಿದ್ದು ನಾನು ಕಂಡಿಲ್ಲ.

ನನ್ನ ಚೇಳು ಹದಿನೈದು ದಿನಕ್ಕೆ ಮಾಸಿತು. ಅವಳ ಮಣಿಕಟ್ಟಿನಲ್ಲಿ ಒಂದು ಗೆರೆ ಉಳಿದಿದೆ: ಬಿಸಿಲು ಕಂಡ ಹಸ್ತದ ಕಡೆ ಕಪ್ಪು, ನಾಲ್ಕು ವರ್ಷ ಮುಚ್ಚಿದ್ದ ಕಡೆ ತಿಳಿ. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುವಾಗ ನಾನು ದಿನವೂ ಆ ಗೆರೆ ನೋಡುತ್ತೇನೆ. ದಿನಕ್ಕಿಷ್ಟು ಕರಗುತ್ತಿದೆ. ಪೂರ್ತಿ ಹೋಗಿಲ್ಲ.

ಬರುವ ತಿಂಗಳು ನಿಮ್ಮಲ್ಲಿಗೆ ಬರುತ್ತೇವೆ. ಹೋದ ಸಲ ನಾನು "ಐತಿ" ಎಂದಾಗ ನೀವು ನಕ್ಕಿರಿ. ಇಲ್ಲಿಯವರು ಇನ್ನೂ ನನ್ನನ್ನು ಮೈಸೂರು ಕಡೆಯ ಅಜ್ಜ ಎನ್ನುತ್ತಾರೆ. ಈ ಸಲ ಅವಳ ಕೈ ನೋಡಿ ಸುಟ್ಟದ್ದು ವಾಸಿಯಾಯಿತೇ ಎಂದು ಕೇಳಿ. ಉತ್ತರ ನಾನು ಹೇಳುತ್ತೇನೆ.

ನಿನ್ನೆ ಅವಳು ಚೀಲಕ್ಕೆ ಮೆಣಸಿನಕಾಯಿ ತುಂಬುತ್ತಿದ್ದಾಗ ನೀಲವ್ವ ಬಾಗಿಲಲ್ಲಿ ನಿಂತು, "ಏನವ್ವ, ಊರಿಗೆ ಹೊಂಟ್ರೇನು?" ಎಂದು ಕೇಳಿದರು.

"ಹೂಂ ಕನವ್ವ," ಎಂದಳು ಚೆನ್ನಾಜಮ್ಮ. "ಊರ್ಗೆ ಹೋಗಿ, ಊರ್ಗೆ ಬತ್ತೀವಿ."