ಬೋಣಿಗೆ ಮುಂಚೆ ಕೊಟ್ಟ ಆಡಿನ ಕಿವಿ

ಚರ್ಮದ ಮೂಲಕ ಔಷಧ ಮೈಯೊಳಗೆ ಇಳಿಯುವುದು ಯಾವ ಕಾಲಕ್ಕೂ ಆಗದ ಮಾತು ಎಂದವನು ನನ್ನ ಸೋದರಮಾವ. ಹಾಗೆನ್ನಲು ಅವನಿಗೆ ಹಕ್ಕಿತ್ತು. ಶಹಾಪುರದ ಬಸ್ ನಿಲ್ದಾಣದ ಹಿಂದೆ ಮಟನ್ ಅಂಗಡಿ ಇಟ್ಟವನು, ದಿನ ಬೆಳಗಾದರೆ ಚರ್ಮ ಸುಲಿಯುವವನು.

ಇವತ್ತು ನಸುಕಿನಲ್ಲಿ ಕಲಬುರಗಿಯಿಂದ ಸುರಪುರದ ಬಸ್ಸು ಹತ್ತಿದ್ದೆ. ಮುಂದಿನ ಸೀಟಿನ ಹೆಂಗಸು ನೋವಿನ ಜೆಲ್ ಟ್ಯೂಬು ತೆಗೆದು ಮೊಣಕಾಲಿಗೆ ತಿಕ್ಕಿಕೊಂಡಳು. ಮೂಗಿಗೆ ತಣ್ಣಗೆ ಚುಚ್ಚುವ ಆ ವಾಸನೆ... ತೊಡೆಯ ಮೇಲಿದ್ದ ಪ್ರಮಾಣಪತ್ರದ ಲಕೋಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ನಮ್ಮದು ದೋರನಹಳ್ಳಿ. ಅವ್ವ ಹತ್ತಿ ಬಿಡಿಸುವ ಕೂಲಿ. ನಮ್ಮ ಮನೆತನದಲ್ಲಿ ಡಿಗ್ರಿ ಹಿಡಿದವಳು ನಾನೇ ಮೊದಲು, ಹೇಳಿಕೊಳ್ಳಲು ಸಂಕೋಚವಿಲ್ಲ. ಅದರ ಮೇಲೆ ಎಂ.ಫಾರ್ಮಾ ಸೇರಿದೆ. ಮಾತ್ರೆ ನುಂಗಿ ಹೊಟ್ಟೆ ಕೆಡಿಸಿಕೊಳ್ಳುವ ಬದಲು, ನೋಯುವ ಕೀಲಿನ ಮೇಲೆ ಸವರಿದರೆ ಒಳಗಿಳಿದು ನೋವು ತಗ್ಗಿಸುವ ಜೆಲ್ ಮಾಡುವುದು ನನ್ನ ಕೆಲಸ. ಅದು ಇಳಿಯುತ್ತದೋ ಇಲ್ಲವೋ ನೋಡಲು ಆಡಿನ ಕಿವಿಯ ಚರ್ಮ ಬೇಕಿತ್ತು. ಎರಡು ಗಾಜಿನ ಬಟ್ಟಲುಗಳ ನಡುವೆ ಅದನ್ನು ಬಿಗಿದು, ಮೇಲೆ ಜೆಲ್ ಹಚ್ಚಿ, ಕೆಳಗಿನ ಉಪ್ಪುನೀರಿಗೆ ಔಷಧ ಬಂತೇ ಎಂದು ಗಂಟೆಗೊಮ್ಮೆ ನೋಡುತ್ತಿದ್ದೆ.

“ಕಿವಿ ಒಯ್ದು ಏನ್ ಮಾಡ್ತಿ? ಸಾರು ಮಾಡ್ತಿ?” ಎಂದು ಮೊದಲ ದಿನ ಮಾವ ಕೇಳಿದ. ಹೇಳಿದೆ.

“ಹುಚ್ಚಿ! ಚರ್ಮಂದ್ರ ಏನಂತ ತಿಳ್ದೀದಿ? ಇಡೀ ಮಳಿಗಾಲ ಆಡು ನೆಂದ್ರೂ ಒಂದ್ ಹನಿ ಒಳಗ ಹೋಗಂಗಿಲ್ಲ, ನಿನ್ನ ಔಷಧ ಹೋಗ್ತದ? ನಿಮ್ಮ ಮಾಸ್ತರಗ ಬ್ಯಾರೆ ಕೆಲಸಿಲ್ಲೇನು?”

ಅಂದಿನಿಂದ ನಾನು ‘ಕಿವಿ ಡಾಕ್ಟರ್’. ಮಾವ ಕಿವಿಗೆ ರೊಕ್ಕ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಬೋಣಿ ಆಗಬೇಕು. ದಿನದ ಮೊದಲ ಗಿರಾಕಿ ರೊಕ್ಕ ಕೊಡುವ ತನಕ ಅಂಗಡಿಯಿಂದ ಏನನ್ನೂ ಪುಕ್ಕಟೆ ಬಿಡುತ್ತಿರಲಿಲ್ಲ. ಬಿಟ್ಟರೆ ಮನೆಗೆ ಕೇಡು. ನಾನು ಬಾಗಿಲ ಪಕ್ಕದ ಕಲ್ಲಿನ ಮೇಲೆ ಕಾಯುತ್ತಿದ್ದೆ. ಅವನು ಮೊದಲ ನೋಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡ ಮೇಲೆಯೇ ಕಿವಿ ನನ್ನ ಐಸ್ ಡಬ್ಬಿಗೆ ಬೀಳುತ್ತಿತ್ತು. ಎಷ್ಟೋ ಸಲ ಕಲಬುರಗಿ ಬಸ್ಸು ತಪ್ಪಿತು. ಎಷ್ಟೋ ಸಂಜೆ ಬಂದು “ಇಳೀಲಿಲ್ಲ ಮಾವ” ಎಂದು ಅವನ ನಗು ಕೇಳಿದೆ.

ಕೊನೆಯ ಪ್ರಯೋಗದ ದಿನ ಅಂಗಡಿ ತುಂಬ ನೋವಿನ ಜೆಲ್ ವಾಸನೆ. ಮಾವ ಎಡಗೈಗೆ ಭುಜದಿಂದ ಮೊಣಕೈವರೆಗೆ ಬಳಿದುಕೊಂಡಿದ್ದ.

“ಮೆಡಿಕಲ್‌ನ್ಯಾಗ ತಂದೀನಿ. ನಿಂದು ಯಾವಾಗ ಕೊಡ್ತಿ?”

“ನಂದಿನ್ನೂ ಮನಷ್ಯಾರಿಗೆ ಹಚ್ಚೂದಲ್ಲ ಮಾವ.”

“ಹಂಗಾರ ಶಹಾಪುರದ ಆಡಿಗೆಲ್ಲ ಕೈಕಾಲು ನೋವು ಹೋಗ್ತಾವ ಬಿಡು!”

ಅವನ ಮೈ ಬೆವರಿತ್ತು. ಬೇಸಿಗೆ, ಬೆವರದವರು ಯಾರು? ಗಿರಾಕಿ ಒಬ್ಬರೂ ಬಂದಿರಲಿಲ್ಲ. ಅವತ್ತು ಫಲಿತಾಂಶ ಸಿಗದಿದ್ದರೆ ನನ್ನ ಒಂದು ವರ್ಷ ಹೋದಂತೆಯೇ. ಅಷ್ಟರಲ್ಲಿ ನಿಲ್ದಾಣದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಮಾವ ಕಿವಿ ಕೊಯ್ದು ಡಬ್ಬಿಗೆ ಹಾಕಿಯೇಬಿಟ್ಟ.

“ಬೋಣಿ ಆಗಿಲ್ಲ ಮಾವ...”

“ಬೋಣಿ ಆಮ್ಯಾಲ ಆಗ್ತದ. ಬಸ್ ಹೋದ್ರ ತಿರುಗಿ ಬರಂಗಿಲ್ಲ. ಓಡು!”

ಅವತ್ತು ಇಳಿಯಿತು. ಕೆಳಗಿನ ನೀರಿನಲ್ಲಿ ಔಷಧ ಗಂಟೆಗಂಟೆಗೂ ಏರುತ್ತ ಹೋಯಿತು. “ಇಳೀತು ಮಾವ” ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಇಟ್ಟುಕೊಂಡು ಸಂಜೆ ಬಂದೆ.

ಶಟರ್ ಮುಚ್ಚಿತ್ತು. ಅಂಗಡಿಯ ಹಿಂದಿದ್ದ ಮಾವನ ಮನೆಯ ಮುಂದೆ ಜನ...

ನಾನು ಹೋದ ಸ್ವಲ್ಪ ಹೊತ್ತಿಗೇ ಕುಸಿದಿದ್ದನಂತೆ. ಹೃದಯಾಘಾತ. ಉಳಿಯಲಿಲ್ಲ. ಎಡಗೈ ನೋವು ಎಷ್ಟು ದಿನದಿಂದ ಇತ್ತು ಎಂದು ಡಾಕ್ಟರು ಕೇಳಿದರಂತೆ.

ಎಡಗೈ! ಮಾವ ಕತ್ತಿ ಹಿಡಿಯುತ್ತಿದ್ದದ್ದು ಬಲಗೈಯಲ್ಲಿ. ಕಡಿದು ಕಡಿದು ನೋವಾಗಿದ್ದರೆ ಬಲಗೈ ನೋಯಬೇಕಿತ್ತು. ಅತ್ತೆ, ಗಿರಾಕಿಗಳು, ಮೆಡಿಕಲ್ ಅಂಗಡಿಯವನು, ನಾನು, ಯಾರಿಗೂ ಇದು ಹೊಳೆಯಲಿಲ್ಲ. ನೋವು ಆ ಕೈಯಲ್ಲಿ ಹುಟ್ಟಿರಲೇ ಇಲ್ಲ. ಅದು ಹುಟ್ಟಿದ ಜಾಗಕ್ಕೆ ಯಾವ ಜೆಲ್ಲೂ ಇಳಿಯುವಂತಿರಲಿಲ್ಲ.

“ಬೋಣಿ ಆಗೂಕಿಂತ ಮೊದ್ಲ ನಿನಗ ಪುಕ್ಕಟೆ ಕಿವಿ ಕೊಟ್ಟ. ಅವತ್ತ ಬೋಣಿನೇ ಆಗ್ಲಿಲ್ಲ,” ಎಂದಳು ಅತ್ತೆ. ಅಷ್ಟೇ, ನನ್ನೊಡನೆ ಮಾತು ಬಿಟ್ಟಳು. ಹೃದಯದ ವಿಷಯ ಯಾರಿಗಾದರೂ ಬಿಡಿಸಿ ಹೇಳಬಲ್ಲೆ. ಅತ್ತೆಗೆ ಹೇಳುವ ಧೈರ್ಯ ಬರಲಿಲ್ಲ.

ಶಹಾಪುರ ಬಂತು. ಇಳಿದೆ. ಅಂಗಡಿಯಲ್ಲಿ ಈಗ ಅತ್ತೆಯೇ ಕೂರುತ್ತಾಳೆ. ಗಿರಾಕಿ ಇನ್ನೂ ಬಂದಿರಲಿಲ್ಲ. ನಾನು ಹಳೆಯ ಕಲ್ಲಿನ ಮೇಲೆ ಕುಳಿತೆ. ಅವಳು ನೋಡಿ ತನ್ನ ಕೆಲಸಕ್ಕೆ ತಿರುಗಿದಳು. ಎದ್ದು ಹೋಗಿ ಲಕೋಟೆ ಬಿಚ್ಚಿ ಎಂ.ಫಾರ್ಮಾ ಪ್ರಮಾಣಪತ್ರ ಚಾಚಿದೆ.

ಬಗ್ಗಿ ಅದನ್ನು ನೋಡಿದಳು. “ನನಗ ಓದಾಕ ಬರಂಗಿಲ್ಲ. ಏನ್ ಬರ್ದಾರ ಇದ್ರಾಗ?”

“ಇಳೀತು ಅಂತ ಬರ್ದಾರ ಅತ್ತಿ.”

ಅತ್ತೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡಳು. ಮಾವ ಮೊದಲ ನೋಟು ಒತ್ತಿಕೊಳ್ಳುತ್ತಿದ್ದಂತೆ ಒಂದು ಕಣ್ಣಿಗೆ, ಆಮೇಲೆ ಇನ್ನೊಂದಕ್ಕೆ ಒತ್ತಿಕೊಂಡಳು.

“ಅವತ್ತ ನಿಂತ ಬೋಣಿ... ಇವತ್ತ ಆತು ತಗೋ,” ಎಂದಳು.