ಮುಖ ಕೊಡದವರ ಫೋಟೋ

ಶ್ರೀನಿವಾಸಪುರದ ಮಂಡಿಗೆ ಮಾವಿನ ಗಾಡಿಗಳು ಬರುವ ಹೊತ್ತಿಗೆ ಖುದ್ದೂಸ್ ತಮ್ಮ ಸ್ಟುಡಿಯೋದ ಮಾಡು ಹತ್ತಿ ಗಾಜಿನ ಹೆಂಚು ಒರೆಸುತ್ತಿದ್ದಾರೆ. ಸ್ಟುಡಿಯೋಗೆ ದೀಪವೆಂದರೆ ಆ ಹೆಂಚೇ. ಅದರಿಂದ ಇಳಿಯುವ ಎಳೆಬಿಸಿಲಿನಲ್ಲಿ ಊರಿನ ಕೈ, ಕಾಲು, ಬೆನ್ನುಗಳು ಫೋಟೋ ಆಗುತ್ತವೆ.

ಮುಖಗಳು ಕಡಿಮೆ. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆಂದು ಇಲ್ಲಿಯವರಿಗೆ ಹೆದರಿಕೆ. "ಮುಖ ಬೇಡ್ವಾ, ಕೈ ಕೊಡಿ ಅಂತೀನಿ," ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ ಖುದ್ದೂಸ್. "ಕೈಗೆಂಥಾ ಆಯಸ್ಸು ಸಾರ್?"

ಗಂಡ ಹೆಂಡತಿಯ ನಡುವೆ ಹೂಕುಂಡ ಇಡುವುದು ಬೇರೆ ಸ್ಟುಡಿಯೋಗಳ ಪದ್ಧತಿ. ಇವರು ಕುಂಡ ಸರಿಸಿ ಆಟ ಹೂಡುತ್ತಾರೆ. ಬೆನ್ನಿಗೆ ಬೆನ್ನು ಕೊಟ್ಟು ಎತ್ತರ ನೋಡಿ, ಅಂಗೈಗೆ ಅಂಗೈ ಇಟ್ಟು ಅಳೆಯಿರಿ ಎನ್ನುತ್ತಾರೆ. ಬೀದಿಯಲ್ಲಿ ಹತ್ತು ಹೆಜ್ಜೆ ಹಿಂದೆ ನಡೆಯುವ ಹೆಂಡತಿ ಇಲ್ಲಿ ಗಂಡನ ಭುಜಕ್ಕೊರಗಿ ಕಿಲಕಿಲ ನಗುತ್ತಾಳೆ. ನಕ್ಕರೆ ಚಿತ್ರ ಅಲುಗಿ ಕೆಡುತ್ತದೆ. ಯುದ್ಧ ಬಂದಮೇಲೆ, ಚಿತ್ರ ಮೂಡುವ ವಿಲಾಯಿತಿ ಗಾಜಿನ ಪ್ಲೇಟು ಸಿಗುವುದೇ ಕಷ್ಟ. ಆದರೂ ನಗಿಸುತ್ತಾರೆ.

ಈಗ ಒಂದು ಚಿತ್ರದಿಂದ ಮಳಿಗೆಯೇ ಕೈತಪ್ಪುವಂತಿದೆ. ಮಾವಿನ ತೋಪಿನ ಮುನಿಯಲ್ಲಪ್ಪ, ಹೆಂಡತಿ ದೊಡ್ಡಗಂಗಮ್ಮನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯುತ್ತಿರುವ ಚಿತ್ರ. ನರೆಗೂದಲಿನ ತೋಳು, ಬಿರುಕುಬಿಟ್ಟ ಹಿಮ್ಮಡಿ, ಕಚಗುಳಿಗೆ ಮಡಚಿಕೊಂಡ ಕಾಲ್ಬೆರಳು, ಇಷ್ಟೇ. ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಯಲ್ಲಿದೆ. ಗಂಡಸು ಹೆಂಡತಿಯ ಕಾಲು ಹಿಡಿಯುವುದನ್ನು ಬೀದಿಗೆ ತೋರಿಸಬಾರದು, ತೆಗೆಯದಿದ್ದರೆ ಮಳಿಗೆ ಖಾಲಿ ಮಾಡಿ ಎಂದು ಮಾಲೀಕ ಮುನಿಕೃಷ್ಣಪ್ಪ ಹೇಳಿದ್ದಾರೆ. ಗಡುವು ಇವತ್ತಿಗೆ.

ಬೆಳಿಗ್ಗೆಯೇ ಬರುತ್ತಾರೆ. "ಏನ್ ಸಾಬ್ರೇ, ತೆಗೀತೀರೋ ಇಲ್ವೋ?"

ಖುದ್ದೂಸ್ ಬಾಯಿ ತೆರೆಯುವ ಮೊದಲೇ, ಮಂಡಿಗೆ ಬಂದ ದೊಡ್ಡಗಂಗಮ್ಮ ತಲೆಯ ಬುಟ್ಟಿ ಇಳಿಸಿ ಕಾಲು ಮುಂದೆ ಚಾಚುತ್ತಾರೆ. "ಕಾಲು ನಂದು. ಮುಳ್ಳು ಚುಚ್ಚಿದ್ದು ನಂಗೆ. ನಿಂಗ್ಯಾಕಪ್ಪಾ ಉರಿ?"

"ಅಲ್ಲತ್ತೆ, ಊರು ನೋಡ್ತದೆ..."

"ನೋಡ್ಲಿ. ನಿನ್ ಹೆಂಡ್ತಿಗೆ ಮುಳ್ಳು ಚುಚ್ಚಿದ್ರೆ ತೆಗಿಯಾಕೆ ಊರನ್ನ ಕರೀತೀಯಾ?"

ಮಂಡಿಯವರು ಗೊಳ್ಳೆನ್ನುತ್ತಾರೆ. ಮುನಿಕೃಷ್ಣಪ್ಪನವರಿಗೂ ನಗು ತಡೆಯದು. "ಇರ್ಲಿ ಬಿಡಿ ಸಾಬ್ರೇ," ಎಂದು ಹೊರಟುಬಿಡುತ್ತಾರೆ.

ದೊಡ್ಡಗಂಗಮ್ಮ ಹೋಗುವುದಿಲ್ಲ. ಒಳಗೆ ಬಂದು ಗಾಜಿನ ಹೆಂಚಿನ ಕೆಳಗೆ ಕೂರುತ್ತಾರೆ. "ಲೇ ಖುದ್ದೂಸ, ಮುಖಾನೂ ತೆಗಿ. ಆಯಸ್ಸು ಹೋದ್ರೆ ಹೋಗ್ಲಿ. ಆ ಕಾಲು ಯಾರ್ದು ಅಂತ ಗೊತ್ತಾಗ್ಲಿ."

ಖುದ್ದೂಸ್ ಕ್ಯಾಮೆರಾದ ಮುಚ್ಚಳ ತೆಗೆಯುತ್ತಾರೆ. ದೊಡ್ಡಗಂಗಮ್ಮ ನಕ್ಕೇಬಿಡುತ್ತಾರೆ.

ತೊಳೆದ ಪ್ಲೇಟನ್ನು ಬೆಳಕಿಗೆ ಹಿಡಿದರೆ ಮುಖ ಅಲುಗಿದೆ. ಖುದ್ದೂಸ್ ಇನ್ನೊಂದು ತೆಗೆಯುವುದಿಲ್ಲವಂತೆ, ಇದನ್ನೇ ಆ ಕಾಲಿನ ಪಕ್ಕದಲ್ಲಿಡಬೇಕೆಂಬುದು ಅವರ ಆಸೆ.

"ಪೇಪರ್ನಾಗೆ ಒಂದು ಮಾತು ಬರೀರಿ ಸಾರ್," ಎನ್ನುತ್ತಾರೆ. "ಅವರು ನಕ್ಕಿದ್ದಕ್ಕೆ ಅಲುಗಿದ್ದು. ನನ್ನ ಕೈ ನಡುಗಿದ್ದಲ್ಲ."